ರೊಪ್ಪವಿದ್ದ ಜಾಗ

ಎಪ್ಪತ್ತರ ದಶಕದಲ್ಲಿ, ಸಂಶೋಧನಾ ವಿದ್ಯಾರ್ಥಿಯಾಗಿದ್ದ ನಾನು ಹೊಸದುರ್ಗದ ಕಡೆಯ ಒಂದು ಕಾವಲಿನಲ್ಲಿ, ಅಂದರೆ ದನಕುರಿ ಮೇಯುವ ಸರ್ಕಾರಿ ಹುಲ್ಲುಗಾವಲಿನಲ್ಲಿ, ನಾಲ್ಕು ಮಳೆಗಾಲ ಮಂಡಿಯೂರಿ ಕಳೆದೆ. ಒಂದೇ ನೆಲದಲ್ಲಿ ಯಾವ್ಯಾವ ಗಿಡ ಒಟ್ಟಿಗೆ ಬಾಳುತ್ತವೆ, ವರ್ಷ ಕಳೆದಂತೆ ಯಾವುದು ಹೋಗಿ ಯಾವುದು ಬರುತ್ತದೆ ಎಂದು ನೋಡುವುದು ನನ್ನ ಕೆಲಸ. ಮರದ ಚೌಕಟ್ಟನ್ನು ಹುಲ್ಲಿನ ಮೇಲಿಟ್ಟು ಒಳಗಿದ್ದುದನ್ನೆಲ್ಲ ಎಣಿಸಬೇಕು. ಕುರಿ ನುಗ್ಗದಂತೆ ಒಂದು ತುಂಡು ನೆಲಕ್ಕೆ ಜಾಲಿಮುಳ್ಳಿನ ಬೇಲಿ ಹಾಕಿಸಿದ್ದೆ, ಒಳಗನ್ನೂ ಹೊರಗನ್ನೂ ಹೋಲಿಸುವುದಕ್ಕೆ.

ಗಿಡಗಳ ಲ್ಯಾಟಿನ್ ಹೆಸರು ನನಗೆ ಬಾಯಿಪಾಠವಾಗಿತ್ತು, ಗಿಡ ಮಾತ್ರ ಗೊತ್ತಿರಲಿಲ್ಲ. ಅಲ್ಲೇ ಕುರಿ ಮೇಯಿಸುತ್ತಿದ್ದ ಒಬ್ಬ ಅಜ್ಜ ಕಲಿಸಿದ. ಹೂ ಬಿಡದ ಸಸಿಯನ್ನೂ ಎಲೆ ಹೊಸಕಿ, ಮೂಸಿ ಹೆಸರು ಹೇಳುತ್ತಿದ್ದ. "ಬಿಸ್ಲು ಏರ್ತು, ಕುಂತ್ಕ ತಮ್ಮ, ಹುಲ್ಲೇನು ಓಡಿ ಹೋಗಲ್ಲ" ಎಂದು ತನ್ನ ಬುತ್ತಿಯ ರೊಟ್ಟಿಯಲ್ಲಿ ಅರ್ಧ ಮುರಿದು ಕೊಡುತ್ತಿದ್ದ.

ಮೊದಲ ವರ್ಷವೇ ಬೇಲಿಯೊಳಗೆ ಹಸಿರು ಉಕ್ಕಿತು. ಹೊರಗಿಲ್ಲದ ಎಷ್ಟೋ ಗಿಡ ಒಳಗಿದ್ದವು. ನಾನು ಕುಣಿದಾಡಿದೆ. ಕುರಿಗಳನ್ನು ಹೊರಗಿಟ್ಟರೆ ನೆಲ ಚೇತರಿಸಿಕೊಳ್ಳುತ್ತದೆಂದು ದೊಡ್ಡ ಮನುಷ್ಯನ ಹಾಗೆ ವರದಿ ಬರೆದು ಅರಣ್ಯ ಇಲಾಖೆಗೆ ಕಳಿಸಿದೆ. ಮೂರನೆಯ ವರ್ಷದ ಹೊತ್ತಿಗೆ ಕಾವಲಿಗೆಲ್ಲ ತಂತಿ ಬೇಲಿ ಬಂತು, ಕುರಿಗಳಿಗೆ ದಾರಿ ಮುಚ್ಚಿತು.

ತಂತಿಯಾಚೆ ನಿಂತಿದ್ದ ಅಜ್ಜ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೈ ತೋರಿಸಿ, "ನಿನ್ ಮುಳ್ ಬೇಲಿ ಐತಲ್ಲ ತಮ್ಮ, ನೀ ಅದನ್ನ ಹಾಕೋ ಹಿಂದಿನ್ ವರ್ಷ ಅಲ್ಲೇ ನಮ್ ಕುರಿ ರೊಪ್ಪ ಇತ್ತು. ಬೇಸ್ಗೆ ಪೂರ್ತಿ ಅಲ್ಲೇ ಮಲಗ್ತಿದ್ವು" ಎಂದ.

ಆ ಹಸಿರು ಬಂದದ್ದು ಬೇಲಿಯಿಂದಲ್ಲ, ಕುರಿ ಹಿಕ್ಕೆಯ ಗೊಬ್ಬರದಿಂದ. ಅದಕ್ಕೇ ತಾನೇ ಸುತ್ತಲ ರೈತರು ಹೊಲದಲ್ಲಿ ಮಂದೆ ನಿಲ್ಲಿಸಿಕೊಳ್ಳುತ್ತಿದ್ದುದು! ಊರಿಗೆಲ್ಲ ಗೊತ್ತಿದ್ದ ಸಂಗತಿ ಓದಿದವನಿಗೆ ಹೊಳೆಯಲಿಲ್ಲ.

"ಮೊದಲೇ ಯಾಕೆ ಹೇಳಲಿಲ್ಲ ಅಜ್ಜ?"

"ನೀನು ಗಿಡದ ಹೆಸ್ರು ಕೇಳ್ದೆ, ಹೇಳ್ದೆ. ಇದನ್ನ ಕೇಳ್ಲೇ ಇಲ್ವಲ್ಲಪ್ಪ."

ತಪ್ಪೊಪ್ಪಿಕೊಂಡು ಇಲಾಖೆಗೆ ಪತ್ರ ಬರೆದೆ. ಮತ್ತೆ ಬರೆದೆ. ಉತ್ತರ ಬರಲಿಲ್ಲ. ಅಜ್ಜ ಕುರಿಗಳನ್ನೆಲ್ಲ ಮಾರಿ, ಹಿರಿಯೂರು ಕಡೆ ಮಗಳ ಮನೆ ಸೇರಿದನೆಂದು ಯಾರೋ ಹೇಳಿದರು. ಬಸ್ಸಿನಲ್ಲಿ ಹೋದರೆ ಒಂದು ಬೆಳಗಿನ ದಾರಿ. ಹೋಗಿ ಮುಖ ತೋರಿಸುವ ಧೈರ್ಯ ನನಗಾಗಲಿಲ್ಲ.

ನಾಲ್ಕನೆಯ ಮಳೆಗಾಲ ಕೊನೆಯ ಎಣಿಕೆಗೆ ಹೋದೆ. ಹಿಕ್ಕೆಯ ಕಸುವು ತೀರಿತ್ತು. ಮೇಯುವ ಬಾಯಿಲ್ಲದೆ, ಬಟ್ಟೆಗೆ ಚುಚ್ಚುವ ಒರಟು ಹುಲ್ಲೊಂದೇ ಸೊಂಟದೆತ್ತರ ಬೆಳೆದು ಕಾವಲನ್ನೆಲ್ಲ ಆಕ್ರಮಿಸಿತ್ತು. ಅಜ್ಜ ಹೆಸರು ಹೇಳಿಕೊಟ್ಟಿದ್ದ ಸಣ್ಣಪುಟ್ಟ ಗಿಡಗಳು ಅದರ ನೆರಳಲ್ಲಿ ಅಳಿದಿದ್ದವು. ಚೌಕಟ್ಟು ಇಟ್ಟೆ. ಮೂಲೆಯಲ್ಲಿ ಮಾತ್ರ ಬೇರೆಯದೊಂದು ಪುಟ್ಟ ಸಸಿ, ಇನ್ನೂ ಹೂ ಬಿಟ್ಟಿರಲಿಲ್ಲ. ಎಲೆ ಹೊಸಕಿ ಮೂಸಿದೆ. ಯಾವುದೆಂದು ತಿಳಿಯಲಿಲ್ಲ. ಕೇಳೋಣವೆಂದು ಅಭ್ಯಾಸಬಲದಿಂದ ಹಿಂದಕ್ಕೆ ತಿರುಗಿದೆ, ಆಮೇಲೆ ಅಲ್ಲೇ ಕೂತು ಅತ್ತುಬಿಟ್ಟೆ.