ಜವಳಿ ಅಂಗಡಿಯಲ್ಲಿ ಡಬಲ್ ಎಕ್ಸೆಲ್

ಗೆಳೆಯರೇ, ಇವತ್ತು ಕೊಟ್ಟೂರಿನಲ್ಲಿ ನನ್ನ ಮದುವೆಯ ಜವಳಿ ತೆಗೆಯಲು ಎರಡೂ ಕಡೆಯವರು ಅಂಗಡಿಯ ಗಾದಿಯ ಮೇಲೆ ಕೂತಿದ್ದೆವು. ನಾನೊಂದು ಚೂಡಿದಾರ್ ಕೇಳಿದೆ. ಅಂಗಡಿಯವರು ನನ್ನನ್ನೊಮ್ಮೆ ನೋಡಿ ಅಟ್ಟದ ಕಡೆ ಕೂಗಿದರು: “ಡಬಲ್ ಎಕ್ಸೆಲ್ ಇಳಸ್ರಿ!”

“ಹಂಗಂದ್ರ ಏನ್ರಿ?” ಎಂದರು ನನ್ನ ಅತ್ತೆಯಾಗುವವರು.

“ದಪ್ಪ ಇದ್ದೋರ ಸೈಜ್ ರೀ.”

“ನೋಡಾಕ ಬಂದಾಗ ಸೀರಿ ಉಟ್ಟಿದ್ಳು, ಗೊತ್ತೇ ಆಗ್ಲಿಲ್ಲ” ಎಂದರು ಅತ್ತೆ. ಅಪ್ಪ ತಲೆ ತಗ್ಗಿಸಿದರು. ನನಗೆ ಮೈ ಉರಿಯಿತು. ಮುಂದೆ ಕೂತಿದ್ದ ಮದುವೆ ಗಂಡಿನ ಕಾಲರಿನಿಂದ ಸೈಜಿನ ಪಟ್ಟಿ ಇಣುಕುತ್ತಿತ್ತು.

“ನಿಮ್ಮ ಮಗನ ಅಂಗಿ ನೋಡ್ರಿ, ಅದೂ ಡಬಲ್ ಎಕ್ಸೆಲ್ಲೇ ಐತಿ” ಎಂದೆ ಅತ್ತೆಗೆ.

“ಅವ ಗಂಡಸವಾ. ಮೈಕೈ ತುಂಬ್ಕೊಂಡಾನ.”

ಗಂಡು ಪಟ್ಟಿಯನ್ನು ಒಳಗೆ ತೂರಿಸಿಕೊಂಡ.

ಮದುವೆ ನಡೆಯುತ್ತದೋ ನಿಲ್ಲುತ್ತದೋ ಗೊತ್ತಿಲ್ಲ. ಚೂಡಿದಾರ್ ತಂದಿದ್ದೇನೆ. ಅದಾದರೂ ನನಗೆ ಸರಿಯಾಗಿ ಕೂರುತ್ತದೆ.