ಹಳಿಯ ಪಕ್ಕದ ಐದು ಹೆಂಗಸರು

ನನಗೆ ಸುಲಭಕ್ಕೆ ಅಸಹ್ಯವಾಗುವುದಿಲ್ಲ. ಇಪ್ಪತ್ತಾರು ವರ್ಷದಿಂದ ಶಿವಾಜಿನಗರದ ಒಂದು ಡೆಂಟಲ್ ಲ್ಯಾಬಿನಲ್ಲಿ ಹಲ್ಲಿನ ಕ್ಯಾಪ್ ಮಾಡುವ ಕೆಲಸ ನನ್ನದು. ಡಾಕ್ಟರುಗಳು ರೋಗಿಗಳ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಅದರಲ್ಲಿ ಎಂಜಲು ಇರುತ್ತದೆ, ರಕ್ತ ಇರುತ್ತದೆ, ಕೆಲವು ಸಲ ಬೆಳಿಗ್ಗೆ ತಿಂದ ಉಪ್ಪಿಟ್ಟಿನ ಸಾಸಿವೆಕಾಳೂ ಇರುತ್ತದೆ. ಅದನ್ನು ತೊಳೆದು, ಪ್ಲಾಸ್ಟರ್ ಸುರಿದು, ಹಲ್ಲು ಕಟ್ಟಿ, ಪಕ್ಕದ ಹಲ್ಲಿಗೆ ಹೊಂದುವಂತೆ ಕೂದಲೆಳೆಯಂಥ ಬ್ರಶ್ಶಿನಲ್ಲಿ ಬಣ್ಣ ಹಚ್ಚುತ್ತೇನೆ. ಬೀಡಿ ಸೇದುವವರಿಗೆ ಕಂದು ಛಾಯೆ, ವಯಸ್ಸಾದವರಿಗೆ ಸಣ್ಣ ಬಿರುಕಿನ ಗೆರೆ. ಪೂರ್ತಿ ಬಿಳಿಯ ಹಲ್ಲು ಯಾರ ಬಾಯಲ್ಲೂ ನಿಜ ಅನ್ನಿಸುವುದಿಲ್ಲ.

ಉಳಿದ ಪ್ಲಾಸ್ಟರಿನಲ್ಲಿ ಊಟದ ಬಿಡುವಿನಲ್ಲಿ ಪುಟ್ಟ ಪುಟ್ಟ ಮನೆ ಮಾಡುವ ಅಭ್ಯಾಸ ನನಗೆ ಯಾವಾಗ ಅಂಟಿತೋ ಗೊತ್ತಿಲ್ಲ. ಒಂದು ದಿನ ನಿವೃತ್ತ ಇಂಜಿನಿಯರೊಬ್ಬರು ತಮ್ಮ ಮುಂದಿನ ಹಲ್ಲಿನ ಬಣ್ಣ ಹೊಂದಿಸಿಕೊಳ್ಳಲು ಲ್ಯಾಬಿಗೇ ಬಂದರು. ಮೇಜಿನ ಮೇಲಿದ್ದ ಹೆಂಚಿನ ಮನೆಯನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. "ನಮ್ದೊಂದು ರೈಲು ಗುಂಪಿದೆಯಮ್ಮ, ಇಂದಿರಾನಗರದಲ್ಲಿ. ನಮ್ಮಲ್ಲಿ ಎಲ್ರಿಗೂ ರೈಲು ಓಡ್ಸೋಕೆ ಬರತ್ತೆ. ಒಬ್ರಿಗೂ ಮನೆ ಕಟ್ಟೋಕೆ ಬರಲ್ಲ" ಅಂದರು.

ಗುಂಪೆಂದರೆ ಆರು ಗಂಡಸರು. ಸೇರುತ್ತಿದ್ದುದು ಅವರಲ್ಲೊಬ್ಬನ ಮನೆಯ ಮಹಡಿಯ ಹಾಲಿನಲ್ಲಿ. ಆತನಿಗೆ ನಲವತ್ತೈದರ ಆಸುಪಾಸು, ಮಾತಿಗೆ ಮುಂಚೆ ನಗುವ ಮನುಷ್ಯ. ಹಾಲಿನ ತುಂಬ ಸೊಂಟದೆತ್ತರಕ್ಕೆ ಹಾಕಿದ ಪ್ಲೈವುಡ್ಡಿನ ಮೇಲೆ ಹಳಿ, ಸುರಂಗ, ಹಿಮದ ಬೆಟ್ಟ. ಎಲ್ಲವೂ ನಿಜದ ಅಳತೆಗಿಂತ ಎಂಬತ್ತೇಳು ಪಟ್ಟು ಚಿಕ್ಕದು. ಮನುಷ್ಯ ನಿಂತರೆ ಎರಡು ಸೆಂಟಿಮೀಟರಿಗೂ ಕಡಿಮೆ. ಮನೆಗಳೆಲ್ಲ ಹೊರದೇಶದಿಂದ ಡಬ್ಬಿಯಲ್ಲಿ ಬಂದವು, ಕಿಟಕಿಗೆ ಹೂಕುಂಡ ಇಟ್ಟುಕೊಂಡವು. ಒಂದು ಮೂಲೆ ಮಾತ್ರ ಖಾಲಿ ಇತ್ತು. "ಅಲ್ಲಿ ನಮ್ಮೂರ್ದು ಏನಾದ್ರೂ ಮಾಡಿ ಮೇಡಂ" ಎಂದು ಆತ ಹೇಳಿದ.

ನಾನು ಹುಟ್ಟಿ ಬೆಳೆದದ್ದು ಕಂಟೋನ್ಮೆಂಟಿನಿಂದ ಬೈಯಪ್ಪನಹಳ್ಳಿ ಕಡೆಗೆ ಹೋಗುವ ಹಳಿಯ ಪಕ್ಕದ ಒಂದು ಸಾಲುಮನೆಯಲ್ಲಿ. ಹನ್ನೊಂದು ಬಾಗಿಲು, ಒಂದು ನಲ್ಲಿ. ಆ ಸಾಲು ಈಗಿಲ್ಲ. ನಾನು ಅದನ್ನೇ ಕಟ್ಟಿದೆ. ಗೋಡೆಗೆ ಹಲ್ಲಿನ ಪ್ಲಾಸ್ಟರ್, ಬಾಗಿಲಿಗೆ ಐಸ್‌ಕ್ರೀಮಿನ ಕಡ್ಡಿ. ಖಾಲಿ ಟೂತ್‌ಪೇಸ್ಟ್ ಟ್ಯೂಬನ್ನು ಸೀಳಿ ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿದರೆ ತಗಡಿನ ಶೀಟು. ಸೋರುವ ಕಡೆ ನೀಲಿ ಕವರಿನ ಚೂರು, ಅದು ಹಾರದಂತೆ ಮೇಲೆ ಕಲ್ಲು. ಕಟ್ಟುವುದಕ್ಕಿಂತ ಹೆಚ್ಚು ದಿನ ಹಿಡಿದದ್ದು ಬಣ್ಣಕ್ಕೆ. ಮಳೆ ನೀರು ಸಿಡಿದು ಗೋಡೆಯ ಬುಡ ಕಪ್ಪಾಗಿರುವುದು, ಮೊಳೆಯಿಂದ ಕೆಳಕ್ಕೆ ಇಳಿದ ತುಕ್ಕಿನ ಗೆರೆ, ಮೂಲೆಯಲ್ಲಿ ಎಲೆಯಡಿಕೆ ಉಗಿದ ಕೆಂಪು, ಚರಂಡಿಯ ಹಸಿರುಗಪ್ಪು. ಎಂಟು ತಿಂಗಳು ಬೇಕಾಯಿತು. ನನ್ನ ಕೈಯಿಂದ ಅದಕ್ಕಿಂತ ಒಳ್ಳೆಯ ಕೆಲಸ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಗುಂಪು ಸೇರುತ್ತಿದ್ದ ಮನೆಯ ಯಜಮಾನ ಅದನ್ನು ನೋಡಿ ಬೆರಗಾದ. "ವಾಸ್ನೆ ಬರತ್ತೆ ಮೇಡಂ ನೋಡಿದ್ರೆ" ಅಂದ. ಅದನ್ನು ಹೊಗಳಿಕೆ ಎಂದುಕೊಂಡು ನಾನು ಹಿಗ್ಗಿದೆ. ಅಂದಿನಿಂದ ಪ್ರತಿ ಭಾನುವಾರ ಒಂದೇ ಮಾತು. "ಇನ್ನೂ ಸ್ವಲ್ಪ ಗಲೀಜು ಹಾಕಿ. ಚರಂಡಿ ಉಕ್ಕಿ ಹರೀಲಿ. ಕಸದ ಗುಡ್ಡೆ ದೊಡ್ಡದಾಗ್ಲಿ." ನಾನು ಹಾಕಿದೆ. ನಮ್ಮ ಸಾಲಿನಲ್ಲಿ ಎಂದೂ ಇಲ್ಲದ ಕಸದ ಗುಡ್ಡೆಯನ್ನು ಟೀ ಪುಡಿ ಮತ್ತು ಚೂರು ಕಾಗದದಿಂದ ಮಾಡಿ, ಮೇಲೊಂದು ಸತ್ತ ಹೆಗ್ಗಣ ಮಲಗಿಸಿದೆ. ನಿಜವೆಂದರೆ ನಮ್ಮ ಅಂಗಳವನ್ನು ಹೆಂಗಸರು ಸರದಿಯಂತೆ ಗುಡಿಸಿ ಸಾರಿಸುತ್ತಿದ್ದರು. ಹನ್ನೊಂದು ಬಾಗಿಲಿಗೆ ಹನ್ನೊಂದು ರಂಗೋಲಿ ಇರುತ್ತಿತ್ತು. ಆ ರಂಗೋಲಿಯಲ್ಲಿ ಒಂದನ್ನೂ ನಾನು ಬಿಡಿಸಿರಲಿಲ್ಲ. ಬಿಡಿಸಿದರೆ ಗುಂಪಿನವರು ಏನನ್ನುತ್ತಿದ್ದರು ಎಂದು ಯೋಚಿಸಿಯೂ ಇರಲಿಲ್ಲ. ಇದನ್ನು ಬರೆಯುವಾಗ ಮೊದಲು ಹೇಸಿಗೆಯಾಗುವುದು ನನ್ನ ಮೇಲೆಯೇ.

ಗುಂಪಿನವರು ಆ ಮಹಡಿಯಲ್ಲೇ ಏರ್ಪಡಿಸಿದ್ದ ಪ್ರದರ್ಶನಕ್ಕೆ ಎರಡು ವಾರವಿರುವಾಗ ಆತ ನನ್ನ ಅಂಗೈಯಲ್ಲಿ ಐದು ಪ್ಲಾಸ್ಟಿಕ್ ಬೊಂಬೆ ಇಟ್ಟ. ಕುಕ್ಕರಗಾಲಲ್ಲಿ ಕೂತ ಹೆಂಗಸರು, ಬಣ್ಣ ಹಚ್ಚದ ಬೂದಿ ಮೈ.

"ಬಟ್ಟೆ ಒಗೆಯೋ ಹೆಂಗಸ್ರು. ಸೀರೆ ಉಡ್ಸಿ ಕೊಡಿ" ಎಂದ.

"ಕಲ್ಲು, ಬಕೆಟ್ಟು ಮಾಡ್ಕೊಡ್ಲಾ?"

"ಬೇಡ ಮೇಡಂ, ಅದೆಲ್ಲ ಬರ್ತಾ ಇದೆ."

ಐದು ಸಂಜೆ, ದಿನಕ್ಕೊಬ್ಬಳಂತೆ, ಐವರಿಗೂ ಸೀರೆ ಉಡಿಸಿದೆ. ಹೂವಿನ ಸೀರೆ, ಚೌಕುಳಿ ಸೀರೆ. ಒಬ್ಬಳಿಗೆ ಹಸಿರು ಅಂಚಿನ ಹಳದಿ ಸೀರೆ. ಅಂಥದೊಂದು ನನ್ನ ಅಮ್ಮನಿಗಿತ್ತು. ಬ್ರಶ್ಶಿನ ಒಂದೇ ಎಳೆಯಲ್ಲಿ ಆ ಅಂಚು ಎಳೆಯುವಾಗ ಉಸಿರು ಬಿಗಿಹಿಡಿದಿದ್ದೆ.

ಪ್ರದರ್ಶನದ ಭಾನುವಾರ ಅಮ್ಮನನ್ನು ಕರೆದುಕೊಂಡು ಹೋದೆ. ಅವಳಿಗೆ ಎಪ್ಪತ್ತಮೂರು. ಕಂಟೋನ್ಮೆಂಟಿನ ಮನೆಗಳಲ್ಲಿ ಅಡುಗೆ ಮಾಡಿ ನನ್ನನ್ನು ಓದಿಸಿದವಳು. ಈಗ ಜೀವನ್ ಬಿಮಾ ನಗರದಲ್ಲಿ ನಾವಿಬ್ಬರೇ ಇರುತ್ತೇವೆ. ನಾನು ಲ್ಯಾಬಿನಲ್ಲಿ ಕೂತು ಕಟ್ಟಿದ್ದನ್ನು ಅವಳಿಗೆ ತೋರಿಸಿರಲಿಲ್ಲ. ಬಿಡಿಬಿಡಿಯಾಗಿ ನೋಡುವುದು ಬೇಡ, ಹಳಿಯ ಪಕ್ಕ ಪೂರ್ತಿ ನಿಂತಾಗಲೇ ನೋಡಲಿ ಎಂಬ ಆಸೆ. ಪ್ರದರ್ಶನ ನಾಲ್ಕಕ್ಕಿದ್ದರೂ ಅವಳು ಬೆಳಗಿನ ಹನ್ನೊಂದಕ್ಕೇ ರೇಷ್ಮೆ ಸೀರೆ ಉಟ್ಟು ಕೂತಿದ್ದಳು.

ಮಹಡಿ ತುಂಬಿಹೋಗಿತ್ತು. ಅಕ್ಕಪಕ್ಕದ ಮನೆಯವರು, ಯಜಮಾನನ ಸ್ನೇಹಿತರು, ಎಲ್ಲರ ಕೈಯಲ್ಲೂ ಫೋನು. ಹಿಮದ ಬೆಟ್ಟದ ಹತ್ತಿರ ಯಾರೂ ಇರಲಿಲ್ಲ. ಎಲ್ಲರೂ ನನ್ನ ಮೂಲೆಯಲ್ಲಿ ನೆರೆದು ನಗುತ್ತಿದ್ದರು. ನನಗೆ ಖುಷಿಯಾಯಿತು. ಅಮ್ಮನ ಕೈಹಿಡಿದು ಜಾಗ ಬಿಡಿಸಿಕೊಂಡು ಮುಂದೆ ಹೋದೆ.

ಐದು ಹೆಂಗಸರು ಹಳಿಯ ಪಕ್ಕ ಸಾಲಾಗಿ ಕೂತಿದ್ದರು. ಬೆನ್ನು ರೈಲಿನ ಕಡೆಗೆ. ಒಬ್ಬೊಬ್ಬಳ ಹಿಂದೆಯೂ ಕಂದು ಬಣ್ಣದ ಸಣ್ಣ ಮುದ್ದೆ ಅಂಟಿಸಿತ್ತು. ರೈಲು ಹಾದುಹೋದಾಗಲೆಲ್ಲ ಮನೆಯ ಯಜಮಾನ ಪೀಪಿ ಊದುತ್ತಿದ್ದ, ಜನ ಹೋ ಎಂದು ನಗುತ್ತಿದ್ದರು. ಒಬ್ಬಾಕೆ ಮೂಗು ಮುಚ್ಚಿಕೊಂಡು ಫೋಟೋಗೆ ನಿಂತಳು.

ನನ್ನ ಬಾಯಲ್ಲಿ ನೀರು ಉಕ್ಕಿತು. ವಾಂತಿಗೆ ಮುಂಚೆ ಬರುವಂಥ ನೀರು. ಬೇರೆಯವರ ಬಾಯಿಯ ಕೊಳೆಯನ್ನು ಇಷ್ಟು ವರ್ಷ ತೊಳೆದರೂ ಒಮ್ಮೆಯೂ ಹಾಗಾಗಿರಲಿಲ್ಲ.

ಅಮ್ಮ ಬಗ್ಗಿ ನೋಡಿದಳು. ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದಳು. ಯಜಮಾನ ಅವಳ ಪಕ್ಕಕ್ಕೆ ಬಂದು "ಹೇಗಿದೆ ಆಂಟಿ?" ಅಂದ.

"ಇಷ್ಟು ಬೆಳಕಲ್ಲಿ ಯಾರೂ ಹೋಗ್ತಿರ್ಲಿಲ್ಲಪ್ಪ" ಅಂದಳು ಅಮ್ಮ. ಸಿಟ್ಟಿರಲಿಲ್ಲ. ಸಾರಿಗೆ ಉಪ್ಪು ಕಡಿಮೆ ಎನ್ನುವ ಹಾಗೆ ಹೇಳಿದಳು. "ಕತ್ತಲಿರೋವಾಗ್ಲೇ ಹೋಗಿ ಬಂದ್ಬಿಡ್ತಿದ್ವಿ. ಹಗಲೆಲ್ಲ ತಡ್ಕೊಂಡಿರ್ತಿದ್ವಿ. ರೈಲು ಬಂದ್ರೆ ಎದ್ದು ನಿಂತ್ಕೊಳ್ತಿದ್ವಿ. ಹೀಗೆ ಕೂತೇ ಇರ್ತಿರ್ಲಿಲ್ಲ."

ಸುತ್ತಲಿದ್ದ ಒಬ್ಬಿಬ್ಬರ ನಗು ನಿಂತಿತು. ಆತನದು ನಿಲ್ಲಲಿಲ್ಲ. "ಹೌದಾ ಆಂಟಿ? ಸೂಪರ್ ಡೀಟೇಲ್" ಎಂದು ನನ್ನ ಕಡೆ ತಿರುಗಿದ. "ಮೇಡಂ, ನೆನಪಿಟ್ಕೊಳ್ಳಿ. ಮುಂದಿನ ಸಲ ಎರಡು ನಿಂತಿರೋದು ಹಾಕೋಣ."

ಅಮ್ಮ ಅವನ ಮುಖ ನೋಡಿ ನಕ್ಕಳು. ಮನೆಗೆ ಬಂದವಳು, ಕರೆದವರ ಮುಂದೆ ನಗಬೇಕು ಎನ್ನುವ ನಗು. ಐವತ್ತು ವರ್ಷ ಬೇರೆಯವರ ಅಡುಗೆಮನೆಯಲ್ಲಿ ನಿಂತು ಕಲಿತ ನಗು. ಆತ ಕೊಟ್ಟ ಎಗ್ ಪಫ್ಸನ್ನು ಪೇಪರ್ ತಟ್ಟೆಯಲ್ಲಿ ತೆಗೆದುಕೊಂಡು, "ಚೆನ್ನಾಗಿದೆಯಪ್ಪ" ಅಂದಳು. ಅವಳ ಆ ನಗು ಕಂಡು ನನಗೆ ಅವಳ ಮೇಲೂ ಅಸಹ್ಯ ಹುಟ್ಟಿತು. ಆ ಕ್ಷಣಕ್ಕಾಗಿ ನನ್ನನ್ನು ನಾನು ಇನ್ನೂ ಕ್ಷಮಿಸಿಕೊಂಡಿಲ್ಲ.

ಲ್ಯಾಬಿನಲ್ಲಿ ಮೇಣ ಕೆತ್ತುವ ಚಾಕು ಬ್ಯಾಗಿನಲ್ಲಿತ್ತು. ತೆಗೆದು, ಹಳಿಯ ಮೇಲೆ ಬಗ್ಗಿ, ಮೊದಲನೆಯವಳ ಕಾಲಡಿಗೆ ತೂರಿಸಿದೆ. ಗಟ್ಟಿ ಗೋಂದು. ಒತ್ತಿದಾಗ ಅವಳು ಟಕ್ ಎಂದು ಬಿಟ್ಟುಕೊಂಡಳು, ಪಾದಗಳು ಅಲ್ಲೇ ಉಳಿದವು. ಎರಡನೆಯವಳನ್ನು ಕಿತ್ತೆ.

"ಏನ್ ಮಾಡ್ತಿದೀರ ಮೇಡಂ? ಜನ ನೋಡ್ತಿದಾರೆ."

"ಬಟ್ಟೆ ಒಗೆಯೋ ಹೆಂಗಸ್ರು ಅಂದ್ರಲ್ಲ ನೀವು."

"ಅಯ್ಯೋ, ತಮಾಷೆಗೆ ಮಾಡಿದ್ದು. ರಿಯಲ್ ಆಗಿ ಇದ್ದಿದ್ದೇ ಅಲ್ವಾ? ನಿಮ್ಮಮ್ಮನೇ ಹೇಳಿದ್ರಲ್ಲ."

ಐವರನ್ನೂ ಕಿತ್ತು ಕರ್ಚೀಫಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ. "ಅವು ನನ್ನವು" ಎಂದು ಆತ ಹೇಳಿದ್ದು ಕೇಳಿಸಿತು. ಸೀರೆ ನನ್ನದು ಎನ್ನಬೇಕೆನ್ನಿಸಿತು. ಸಾಲುಮನೆಯನ್ನೂ ಎತ್ತಲು ನೋಡಿದೆ. ಅದನ್ನು ನಾನೇ ಪ್ಲೈವುಡ್ಡಿಗೆ ಭದ್ರವಾಗಿ ಕೂರಿಸಿದ್ದೆ, ಅಲುಗಾಡಲಿಲ್ಲ. ನನ್ನನ್ನು ಗುಂಪಿಗೆ ಕರೆತಂದ ಇಂಜಿನಿಯರು ಬಾಗಿಲ ಬಳಿ ನಿಂತಿದ್ದರು. "ಸ್ವಲ್ಪ ಸಮಾಧಾನ ಮಾಡ್ಕೋಬೇಕಿತ್ತಮ್ಮ. ಆಮೇಲೆ ಮಾತಾಡ್ಬಹುದಿತ್ತು" ಅಂದರು. ನಾನು ಕಟ್ಟಿದ ಹಲ್ಲು ಅವರ ಬಾಯಲ್ಲಿ ಹೊಳೆಯುತ್ತಿತ್ತು. ಅದನ್ನೂ ಕಿತ್ತುಕೊಳ್ಳುವಷ್ಟು ಸಿಟ್ಟು ಬಂದಿತ್ತು.

ಆಟೋದಲ್ಲಿ ಅಮ್ಮ ಪಫ್ಸಿನ ತಟ್ಟೆಯನ್ನು ತೊಡೆಯ ಮೇಲೆ ಹಾಗೇ ಹಿಡಿದುಕೊಂಡಿದ್ದಳು. ತಿಂದಿರಲಿಲ್ಲ. ಹಳೇ ವಿಮಾನ ನಿಲ್ದಾಣದ ರಸ್ತೆಯ ಸಿಗ್ನಲ್ಲಿನಲ್ಲಿ ನಿಂತಾಗ, "ನೀನು ಕಟ್ಟಿದ್ದೇನೋ ಸರಿಯಾಗಿದೆ ಕಣೇ. ಬಾಗಿಲೂ ಹಾಗೇ ಇತ್ತು. ಆದ್ರೆ ಅಷ್ಟು ಕೊಳಕಾಗಿ ಇಟ್ಕೊಂಡಿದ್ವಾ ನಾವು?" ಎಂದು ಕೇಳಿದಳು.

"ಇಲ್ಲಮ್ಮ."

"ಮತ್ಯಾಕೆ ಹಾಗ್ ಮಾಡ್ದೆ?"

ಅವರು ಕೇಳಿದರು ಎಂದೆ. ಹಳದಿ ಸೀರೆಯವಳನ್ನು ಅಮ್ಮ ಗುರುತಿಸಿದಳೋ ಇಲ್ಲವೋ ನಾನು ಇವತ್ತಿಗೂ ಕೇಳಿಲ್ಲ.

ಮರುದಿನ ಗುಂಪಿನ ವಾಟ್ಸಾಪಿನಲ್ಲಿ ಯಜಮಾನ ಉದ್ದದ ಮೆಸೇಜು ಹಾಕಿದ. ಕೆಲವರಿಗೆ ಹಾಸ್ಯಪ್ರಜ್ಞೆ ಕಡಿಮೆ, ಹವ್ಯಾಸದಲ್ಲಿ ರಾಜಕೀಯ ತರಬಾರದು, ಇತ್ಯಾದಿ. ಅದರ ಕೆಳಗೆ ಮೆಚ್ಚುಗೆಯ ನಾಲ್ಕು ಹೆಬ್ಬೆರಳು. ನಾನು ಗುಂಪಿನಿಂದ ಹೊರಬಂದೆ. ತಿಂಗಳ ಮೇಲೆ ಲ್ಯಾಬಿನಲ್ಲಿ ಜತೆಗೆಲಸದವಳೊಬ್ಬಳು ಫೋನು ತೋರಿಸಿ, "ಇದು ನಿಮ್ದಲ್ವಾ ಮೇಡಂ?" ಅಂದಳು. ನನ್ನ ಸಾಲುಮನೆಯ ವಿಡಿಯೋ. ಹಳಿಯ ಪಕ್ಕ ಹೊಸ ಬೊಂಬೆಗಳು ಕೂತಿದ್ದವು, ಇಬ್ಬರು ನಿಂತಿದ್ದರು. ಅಮ್ಮ ಹೇಳಿದ್ದನ್ನು ಆತ ಮರೆತಿರಲಿಲ್ಲ. ಕೆಳಗೆ ನೂರಾರು ಜನ ವಾಂತಿ ಮಾಡುವ ಮುಖದ ಚಿತ್ರ ಹಾಕಿದ್ದರು. ಫೋನು ಹಿಂತಿರುಗಿಸಿ ಹೋಗಿ ಸೋಪು ಹಚ್ಚಿ ಕೈ ತೊಳೆದುಕೊಂಡೆ. ಸಾಲಲಿಲ್ಲ, ಇನ್ನೊಮ್ಮೆ ತೊಳೆದೆ.

ಆ ವಿಡಿಯೋ ನೋಡಿದ ಇನ್ನೊಂದೂರಿನ ರೈಲು ಹವ್ಯಾಸಿಯೊಬ್ಬರು ನನ್ನ ನಂಬರು ಹುಡುಕಿ ಫೋನು ಮಾಡಿದರು. ಬಹಳ ಮರ್ಯಾದೆಯ ದನಿ. "ಸ್ಲಮ್ಮು ನಿಮ್ಮಷ್ಟು ಚೆನ್ನಾಗಿ ಯಾರೂ ಮಾಡಲ್ಲ ಅಂತ ಕೇಳ್ದೆ. ನಮ್ಗೊಂದು ಮಾಡ್ಕೊಡ್ತೀರಾ?" ಫೋನಿಟ್ಟುಬಿಟ್ಟೆ. ಆ ನಂಬರನ್ನು 'ಎತ್ತಬೇಡ' ಎಂದು ಸೇವ್ ಮಾಡಿಕೊಂಡಿದ್ದೇನೆ.

ಆರು ತಿಂಗಳು ಏನನ್ನೂ ಕಟ್ಟಲಿಲ್ಲ. ಆಮೇಲೆ ಕೈ ಸುಮ್ಮನಿರಲಿಲ್ಲ. ಕೆ.ಆರ್. ಪುರದ ಕಡೆ ಹಿಂದೆ ನೋಡಿದ್ದ ರೈಲ್ವೆ ಗೇಟ್‌ಮನ್ ಮನೆಯೊಂದನ್ನು ಮಾಡಲು ಕೂತೆ. ಪ್ಲಾಸ್ಟರಿನ ಗೋಡೆ, ಒಂದು ಕಿಟಕಿ, ಕೆಂಪು ಹೆಂಚು. ಸುಣ್ಣದ ಬಣ್ಣ ಹಚ್ಚಿ ಮುಗಿಸಿ, ಬುಡಕ್ಕೆ ಕೆಸರಿನ ಕಲೆ ಹಾಕಲೆಂದು ಕಂದು ಬಣ್ಣ ಕಲಸಿದೆ. ಬ್ರಶ್ಶು ಗೋಡೆಗೆ ತಾಗಿಸಲು ಆಗಲಿಲ್ಲ. ಕಲಸಿದ ಬಣ್ಣ ಮುಚ್ಚಳದಲ್ಲೇ ಒಣಗಿತು. ಮನೆ ಬೆಳ್ಳಗೆ ನಿಂತಿತು.

ಅಮ್ಮ ಕಾಫಿ ತಂದಿಟ್ಟು ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿದಳು.

"ಇದ್ರಲ್ಲಿ ಯಾರೂ ಇಲ್ವಾ?"

"ಇಲ್ಲ."

"ಹೊಗೆ ಹಿಡ್ದಿಲ್ಲ, ಒಂದು ಕೈ ಗುರುತಿಲ್ಲ. ಯಾರೂ ಒಲೆ ಹಚ್ಚದೇ ಇರೋ ಮನೆ ಇದು" ಎಂದು ಮೇಜಿನ ಮೇಲಿಟ್ಟು ಒಳಗೆ ಹೋದಳು.

ಕಾಫಿ ಕುಡಿಯುತ್ತ ಅದನ್ನೇ ನೋಡುತ್ತ ಕೂತೆ. ಅವಳು ಹೇಳಿದ್ದು ಸರಿ. ಯಾರ ಬಾಯಿಗೂ ಹೊಂದದ ಪೂರ್ತಿ ಬಿಳಿಯ ಹಲ್ಲಿನ ಹಾಗೆ ಆ ಗೋಡೆಯೂ ನನಗೆ ಅಸಹ್ಯವಾಗಿ ಕಂಡಿತು.