ನೋವು ಯಾರಿಗಿದೆಯೋ ಅವರೇ ಹೇಳಲಿ

ಗಡಿಯಾರವನ್ನು ಅವರು ಕೈಗೆ ಕಟ್ಟುತ್ತಿರಲಿಲ್ಲ. ಸ್ವೆಟರಿನ ಎಡಗಡೆ, ಎದೆಯ ಮೇಲೆ, ತಲೆಕೆಳಗಾಗಿ ಪಿನ್ ಮಾಡಿಕೊಳ್ಳುತ್ತಿದ್ದರು. ಯಾರಾದರೂ "ಆಂಟಿ, ಒಂದು ಡೌಟು" ಅಂದರೆ ಸಾಕು, ಒಂದು ಕೈಯಲ್ಲಿ ಆ ಗಡಿಯಾರವನ್ನೆತ್ತಿ, ಇನ್ನೊಂದು ಕೈಯಲ್ಲಿ ಕೇಳಿದವರ ಮಣಿಕಟ್ಟು ಹಿಡಿದು, ಬಾಯಿ ಮುಚ್ಚಿ ನಿಂತುಬಿಡುತ್ತಿದ್ದರು. ಪೂರ್ತಿ ಒಂದು ನಿಮಿಷ! ಎಂಥ ವಾಚಾಳಿಯೂ ಅಷ್ಟು ಹೊತ್ತು ತೆಪ್ಪಗಿರಬೇಕಾಗುತ್ತಿತ್ತು.

ಅಮೆರಿಕದ ಷಾರ್ಲೆಟ್‌ನ ಕನ್ನಡದವರಿಗೆಲ್ಲ ಅವರು ಸಿಸ್ಟರ್ ಆಂಟಿ. ಉಡುಪಿ ಕಡೆಯ ಕ್ಯಾಥೊಲಿಕ್ ಮನೆತನದವರು. ಊರಲ್ಲಿ ವಾರ್ಡ್ ಸಿಸ್ಟರ್ ಆಗಿದ್ದವರು ಇಲ್ಲಿಗೆ ಬಂದ ಮೇಲೆ ವರ್ಷಗಟ್ಟಲೆ, ಫೋನಿನಲ್ಲಿ ರೋಗಿಗಳ ಪ್ರಶ್ನೆಗಳಿಗೆ ಉತ್ತರ ಹೇಳುವ ನರ್ಸ್ ಕೆಲಸ ಮಾಡಿ ರಿಟೈರ್ ಆಗಿದ್ದರು. ರಿಟೈರ್ ಆಗಿದ್ದು ಬರೀ ಹೆಸರಿಗೆ. ಅವರ ಹಿತ್ತಲು, ನಮ್ಮ ಹಿತ್ತಲು ಒಂದಕ್ಕೊಂದು ಅಂಟಿಕೊಂಡಿದ್ದವು. ನಾನು ಇವತ್ತು ಬದುಕಿ ಕೂತು ಇದನ್ನು ಬರೆಯುತ್ತಿದ್ದೇನಲ್ಲ, ಅದು ಅವರಿಂದ. ಸುಮ್ಮನೆ ಹೊಗಳಿಕೆಗೆ ಹೇಳುತ್ತಿಲ್ಲ, ನಿಜ ಹೇಳುತ್ತಿದ್ದೇನೆ!

ಮನೆಗೊಂದು ಅಡುಗೆ ತಂದು ಒಟ್ಟಿಗೆ ಉಣ್ಣುವ ಪಾಟ್‌ಲಕ್‌ಗೆ ಹೋದರೆ ಅವರ ಸುತ್ತ ಸಂತೆ. ಮಗುವಿನ ಜ್ವರ, ಹುಳಿತೇಗು, ಕಾಲು ಜೋಮು, ವಸಂತದಲ್ಲಿ ಕಾರಿನ ಮೇಲೆಲ್ಲ ಪರಾಗದ ಹಳದಿ ಪುಡಿ ಕೂತಾಗ ಬರುವ ಸೀನು. ಆದರೆ ನಮ್ಮವರ ಒಂದು ಚಾಳಿ ಅವರಿಗೆ ಆಗುತ್ತಲೇ ಇರಲಿಲ್ಲ. ನೋವು ಒಬ್ಬರಿಗೆ, ಮಾತಾಡುವುದು ಇನ್ನೊಬ್ಬರು. ಗಂಡನ ಕೆಮ್ಮಿನ ಬಗ್ಗೆ ಹೆಂಡತಿ, ಅತ್ತೆಯ ಮಂಡಿಯ ಬಗ್ಗೆ ಸೊಸೆ. "ನೋವು ಯಾರಿಗಿದೆಯೋ ಅವರೇ ಹೇಳಲಿ. ನೀವು ಹೋಗಿ ನೀರು ತನ್ನಿ" ಎಂದು ವಕ್ತಾರರನ್ನು ಅಟ್ಟಿಬಿಡುತ್ತಿದ್ದರು.

ಒಮ್ಮೆ ಬೆಂಗಳೂರಿನ ಅಂಕಲ್ ಒಬ್ಬರಿಗೆ ಬಿಡದ ಒಣಕೆಮ್ಮು. "ಪೋಲನ್ ಅಲರ್ಜಿ ಆಂಟಿ, ಅಷ್ಟೆ" ಎಂದು ಅವರ ಹೆಂಡತಿಯ ತೀರ್ಪು. ಹೆಂಡತಿಯನ್ನು ನೀರಿಗೆ ಕಳಿಸಿದ್ದೇ ತಡ, ಅಂಕಲ್ ಪಿಸುಗುಟ್ಟಿದರು, "ಎರಡು ವಾರದಿಂದ ಬಿಪಿ ಮಾತ್ರೆ ತಗೋತಿದೀನಿ ಸಿಸ್ಟರ್. ಮನೇಲಿ ಹೇಳಿಲ್ಲ. ಹೇಳಿದ್ರೆ ಉಪ್ಪಿನಕಾಯಿ ಬಂದ್!"

"ಕೆಲವು ಬಿಪಿ ಮಾತ್ರೆಗೆ ಈ ಕೆಮ್ಮು ಬರ್ತದೆ ಮಾರಾಯ್ರೆ. ನೀವಾಗಿ ನಿಲ್ಲಿಸ್ಬೇಡಿ, ಡಾಕ್ಟ್ರಿಗೆ ಫೋನ್ ಮಾಡಿ, ಬೇರೆ ಕೊಡ್ತಾರೆ. ಉಪ್ಪಿನಕಾಯಿ ಹೇಗೂ ಬಂದ್" ಎಂದರು ಆಂಟಿ. ಅಂಕಲ್ ಮುಖ ನೋಡಬೇಕಿತ್ತು!

ಇನ್ನು ನನ್ನ ಕಥೆ. ಎರಡು ಸಾವಿರದ ಇಪ್ಪತ್ತರ ಕೊರೊನಾ ಬೇಸಿಗೆ. ನನ್ನ ಚೊಚ್ಚಲ ಹೆರಿಗೆ. ಬಾಣಂತನಕ್ಕೆ ಮೈಸೂರಿಂದ ಬರಬೇಕಿದ್ದ ಅಮ್ಮನ ವಿಮಾನ ರದ್ದಾಗಿತ್ತು. ಸಿಸ್ಟರ್ ಆಂಟಿಯಂತೂ ಆಗ ಯಾರನ್ನೂ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಅವರ ಯಜಮಾನರಿಗೆ ಶ್ವಾಸಕೋಶ ಕೆಟ್ಟಿತ್ತು, ಮೂಗಿಗೆ ಸದಾ ಆಕ್ಸಿಜನ್ ನಳಿಗೆ. ಆ ಸೋಂಕು ಮನೆ ಹೊಕ್ಕರೆ ಈ ಅಂಕಲ್ ಉಳಿಯುವಂತಿರಲಿಲ್ಲ. ಸಾರಿನ ಪಾತ್ರೆಯನ್ನು ನಮ್ಮ ಮೆಟ್ಟಿಲ ಮೇಲಿಟ್ಟು, ಆರಡಿ ದೂರ ನಿಂತು, ಮಾಸ್ಕಿನೊಳಗಿಂದಲೇ ಬಾಣಂತನ ಮಾಡಿದರು.

ಹೆರಿಗೆಯಾಗಿ ಎಂಟನೆಯ ದಿನ ಮಧ್ಯಾಹ್ನ ಪಾತ್ರೆ ಇಟ್ಟವರು ನನ್ನನ್ನು ನೋಡಿ ನಿಂತರು. "ಎಂತ ಬಾಣಂತಿ, ಮುಖ ಯಾಕೆ ಹಾಗುಂಟು?"

"ಏನಿಲ್ಲ ಆಂಟಿ, ನಿದ್ದೆ ಇಲ್ಲ. ಸ್ವಲ್ಪ ತಲೆನೋವು, ಮಾತ್ರೆ ಕೊಟ್ಟಿದೀನಿ" ಎಂದ ನನ್ನ ಗಂಡ.

"ತಲೆನೋವು ನಿನಗಾ?"

"ಇಲ್ಲ, ಅವಳಿಗೆ."

"ಹಾಗಾದ್ರೆ ನೀನು ಮಗು ಹತ್ರ ಹೋಗು ಮಾರಾಯ. ಅವಳು ಹೇಳ್ಲಿ."

ಅವನು ಒಳಗೆ ಹೋದ. ಆಂಟಿ ಕೇಳಿದರು, "ಕಣ್ಣಿಗೆ ಎಂತಾದ್ರೂ ಕಾಣ್ತದಾ?" ನಾನು ಬೆಚ್ಚಿಬಿದ್ದೆ! ಬೆಳಿಗ್ಗೆಯಿಂದ ಕಣ್ಣ ಮುಂದೆ ಸುರುಸುರುಬತ್ತಿ ಹಚ್ಚಿದ ಹಾಗೆ ಕಿಡಿಗಳು. ಸುಸ್ತಿಗೆ ಅಂದುಕೊಂಡು ಯಾರಿಗೂ ಹೇಳಿರಲಿಲ್ಲ.

"ಬಲಗಡೆ ಪಕ್ಕೆಲುಬಿನ ಕೆಳಗೆ ನೋವುಂಟಾ?"

"ಇದೆ ಆಂಟಿ. ಗ್ಯಾಸ್ ಅಂದ್ಕೊಂಡೆ."

ಆ ವಯಸ್ಸಿನಲ್ಲಿ ಅವರು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮನೆಯಿಂದ ಬಿಪಿ ಯಂತ್ರ ತಂದು ಮೆಟ್ಟಿಲ ಮೇಲಿಟ್ಟು, ಪಟ್ಟಿ ಸುತ್ತಿಕೊಳ್ಳಲು ಹೇಳಿದರು. ಮೇಲೆ ನೂರ ಎಪ್ಪತ್ತೆರಡು, ಕೆಳಗೆ ನೂರ ಹತ್ತು. ನನಗೆ ಜನ್ಮದಲ್ಲಿ ಬಿಪಿ ಇರಲಿಲ್ಲ!

"ಹೆರಿಗೆ ಆದ ಮೇಲೂ ಹೀಗೆ ಏರ್ತದೆ. ಬಿಟ್ರೆ ಫಿಟ್ಸ್ ಬರ್ತದೆ, ಜೀವಕ್ಕೇ ಬರ್ತದೆ. ಈಗಲೇ ಆಸ್ಪತ್ರೆಗೆ ಹೊರಡಿ. ಅಲ್ಲಿ ತಲೆನೋವು ಅಂತ ಶುರು ಮಾಡ್ಬೇಡ, ಆಯ್ತಾ? ಹೆರಿಗೆಯಾಗಿ ಎಂಟು ದಿನ ಅಂತ ಮೊದಲು ಹೇಳು. ಎಲ್ಲಿ, ನನಗೊಂದ್ಸಲ ಹೇಳಿ ತೋರಿಸು."

ಹೇಳಿ ತೋರಿಸಿದೆ. ಗಂಡ ಕಾರಿನ ಕೀ ಹಿಡಿದು ಬಾಗಿಲಲ್ಲಿ ನಿಂತಿದ್ದ. ಇನ್ನೊಂದು ಕೈಯಲ್ಲಿ ಮಗು. ಆಸ್ಪತ್ರೆಯಲ್ಲಿ ಮಗುವನ್ನು ಒಳಗೆ ಬಿಡುತ್ತಿರಲಿಲ್ಲ, ನನ್ನ ಜೊತೆ ಒಬ್ಬರಿಗೆ ಮಾತ್ರ ಅವಕಾಶ, ಒಳಗೆ ಹೋದವರು ಹೊರಗೆ ಬರುವಂತಿಲ್ಲ, ಫಿಟ್ಸ್ ಬರಬಹುದಾದ ನನ್ನನ್ನು ಒಬ್ಬಳೇ ಬಿಡುವಂತೆಯೂ ಇರಲಿಲ್ಲ. "ಮಗು?" ಎಂದ. ನಾವು ಆಸ್ಪತ್ರೆಯಿಂದ ಮನೆಗೆ ಬಂದು ವಾರವೂ ಆಗಿರಲಿಲ್ಲ, ನಮಗೆ ಅಲ್ಲಿಂದ ಸೋಂಕು ಅಂಟಿ ಬಂದಿತ್ತೋ ಏನೋ, ಯಾರಿಗೆ ಗೊತ್ತು? ಆಂಟಿ ತಿರುಗಿ ಒಂದು ಸಲ ತಮ್ಮ ಮನೆ ಕಡೆ ನೋಡಿದರು. ಆಮೇಲೆ ಮೆಟ್ಟಿಲು ಹತ್ತಿ ಬಂದು ಎರಡೂ ಕೈ ಚಾಚಿ, "ಇಲ್ಲಿ ಕೊಡು" ಎಂದರು.

ಕಲಿಸಿದ ಮಾತನ್ನೇ ಹೇಳಿದೆ ನೋಡಿ, ಐದು ನಿಮಿಷದಲ್ಲಿ ಕೈಗೆ ಡ್ರಿಪ್ ಏರಿತ್ತು! ಮನೆಯಲ್ಲೇ ಮಲಗಿದ್ದರೆ ನೀನು ಉಳಿಯುವುದು ಕಷ್ಟವಿತ್ತು ಎಂದರು ಡಾಕ್ಟರು. ನಾಲ್ಕು ದಿನ. ನಾಲ್ಕೂ ದಿನ ಆಂಟಿ ನಮ್ಮ ಮನೆಯಲ್ಲೇ. ಹಾಲು ಕುಡಿದದ್ದು, ಒದ್ದೆ ಮಾಡಿದ್ದು, ಬಿಕ್ಕಳಿಸಿದ್ದು, ಎಲ್ಲದರ ವರದಿ ಗಂಟೆಗೊಮ್ಮೆ ಫೋನಿಗೆ. ನಾನು ವಾಪಸ್ಸು ಬಂದಾಗ ಮಗಳನ್ನು ಕೈಗಿಟ್ಟು, ಜೊತೆಗೊಂದು ಲಕೋಟೆಯನ್ನೂ ಕೊಟ್ಟರು. "ನಿನ್ನೆ ಹೊಕ್ಕುಳ ಬಳ್ಳಿ ಬಿತ್ತು. ನಿಮ್ಮ ಕಡೆ ಎತ್ತಿಡ್ತಾರಾ, ಅಮ್ಮನಿಗೆ ಕೇಳು." ನಾನು ಗೊಳೋ ಎಂದು ಅತ್ತುಬಿಟ್ಟೆ. "ಅಳು, ಅಳು, ಬಿಪಿ ನೋಡ್ಕೊಂಡು ಅಳು" ಎಂದರು.

ಅಷ್ಟಕ್ಕೇ ಮುಗಿಯಲಿಲ್ಲ. ಆಂಟಿ ನೇರ ತಮ್ಮ ಮನೆಯೊಳಗೆ ಹೋಗುವಂತಿರಲಿಲ್ಲ. ಗ್ಯಾರೇಜಿನಲ್ಲಿ ಮಂಚ ಹಾಕಿಸಿಕೊಂಡು ಹದಿನಾಲ್ಕು ದಿನ ಬೇರೆ ಇದ್ದರು. ಅಂಕಲ್ ಹಿತ್ತಲ ಕಡೆಯ ಎತ್ತರದ ಮರದ ಜಗಲಿಯಲ್ಲಿ ನಳಿಗೆ ಹಾಕಿಕೊಂಡು ಕೂತರೆ, ಇವರು ಕೆಳಗೆ ಹುಲ್ಲಿನ ಮೇಲೆ ಕುರ್ಚಿ ಹಾಕಿಕೊಂಡು ತಟ್ಟೆ ಹಿಡಿದು ಕೂರುತ್ತಿದ್ದರು. "ಮಾತ್ರೆ ತಗೊಂಡ್ರಾ?" ಎಂದು ಇವರು ಕೂಗುವುದು, ಅವರು ಮೇಲಿಂದ ಹೆಬ್ಬೆರಳು ತೋರಿಸುವುದು. ಅಡುಗೆಮನೆ ಕಿಟಕಿಯಲ್ಲಿ ಮಗಳನ್ನೆತ್ತಿಕೊಂಡು ದಿನವೂ ನೋಡುತ್ತಿದ್ದೆ. ಇಬ್ಬರಿಗೂ ಸೋಂಕು ತಗಲಲಿಲ್ಲ, ದೇವರು ದೊಡ್ಡವನು!

ಮುಂದಿನ ವರ್ಷ ಅಂಕಲ್ ಅದೇ ಹಳೆಯ ಶ್ವಾಸಕೋಶದ ಕಾಯಿಲೆಯಲ್ಲಿ ತೀರಿಕೊಂಡರು. ಆಂಟಿ ಈಗ ಇಲ್ಲಿಂದ ಎರಡೂವರೆ ಗಂಟೆ ದೂರದ ರಿಸರ್ಚ್ ಟ್ರಯಾಂಗಲ್ ಪಾರ್ಕ್ ಹತ್ತಿರ ತಮ್ಮ ಮಗಳ ಮನೆಯಲ್ಲಿದ್ದಾರೆ. ಗಂಡ ಹೆಂಡತಿ ಇಬ್ಬರಿಗೂ ಒಟ್ಟಿಗೆ ಉಳಿದಿದ್ದದ್ದು ಆ ಒಂದೇ ವರ್ಷ, ಅದರಲ್ಲಿ ಹದಿನೆಂಟು ದಿನವನ್ನು ನಮಗೆ ಕೊಟ್ಟುಬಿಟ್ಟಿದ್ದರು. ಆಂಟಿ ಈ ಮಾತನ್ನು ಒಂದು ಸಲವೂ ಎತ್ತಿಲ್ಲ.